ಲಿಂಬಿಹಣ್ಣು ಎಲ್ಲಿ ಹಿಂಡಬೇಕು, ಎಲ್ಲಿ ಹಿಂಡಬಾರದು



ನಮ್ಮ ವಿಜಯಪುರ ಭಾಗದ ಯಾವ ಮನೆಯ ಬಚ್ಚಲಿಗೆ ಹೋದರೂ ನಳದ ಬಾಯಿಗೆ ಬಿಳಿ ಪರೆ ಕಟ್ಟಿರುತ್ತದೆ. ನೀರು ಕಾಸುವ ಪಾತ್ರೆಯ ತಳಕ್ಕೆ ಅದೇ ಪರೆ, ಗೀಜರಿನ ಹೊಟ್ಟೆಯೊಳಗೆ ಅದೇ, ಬಕೆಟ್ಟಿನ ಅಂಚಿಗೂ ಅದೇ. ಭೂತನಾಳ ಕೆರೆಯ ನೀರೋ ಕೊಲ್ಹಾರದ ಕಡೆಯಿಂದ ಬರುವ ಕೃಷ್ಣೆಯ ನೀರೋ ಬಂದ ದಿನ ಚಿಂತೆಯಿಲ್ಲ. ಬಾರದ ದಿನ ಬೋರೇ ಗತಿ, ಬೋರಿನ ನೀರೆಂದರೆ ಬಹಳ ಕಡೆ ಸವಳು. ಡೋಣಿ ದಂಡೆಯವರಿಗಂತೂ ಸವಳು ನೀರಿನ ರುಚಿಯನ್ನು ನಾನು ಹೇಳಿಕೊಡಬೇಕಾಗಿಲ್ಲ.

ಇವತ್ತಿನ ಮಾತು ಮೂರು ಸಂಗತಿಗಳದು. ಮನೆಯ ಸಣ್ಣಪುಟ್ಟ ರಿಪೇರಿ, ಕಾರಿನ ಸಣ್ಣಪುಟ್ಟ ರಿಪೇರಿ, ಟ್ರಂಕಿನ ತಳದಲ್ಲಿ ಅರಿವೆ ಗಂಟಿನೊಳಗೆ ಉಳಿದ ಹಳೆಯ ನಾಣ್ಯ. ನಳಕ್ಕೂ ನಾಣ್ಯಕ್ಕೂ ಏನ್ರೀ ನಂಟು ಎಂದು ನೀವು ಕೇಳಬಹುದು. ಮನೆಯಲ್ಲಿ ಈ ಮೂರನ್ನೂ ಕೈಗೆತ್ತಿಕೊಳ್ಳುವವರು ಒಬ್ಬರೇ ಇರುತ್ತಾರೆ, ರವಿವಾರ ಬಂತೆಂದರೆ ಪಕ್ಕಡ ಹುಡುಕುವವರು. ಅಂಥವರಿಗೆ ಹುಮ್ಮಸ್ಸು ಹೆಚ್ಚು. ಲಿಂಬಿ ಬೆಳೆಯುವ ಇಂಡಿ ತಾಲೂಕು ನಮ್ಮದೇ ಜಿಲ್ಲೆಯಲ್ಲಿ ಇರುವುದರಿಂದ ಮನೆಯಲ್ಲಿ ಲಿಂಬಿಹಣ್ಣಿಗೂ ಬರವಿಲ್ಲ. ಕೊಳೆ ಕಂಡಲ್ಲೆಲ್ಲ ಲಿಂಬಿ ಹಿಂಡಿ ತಿಕ್ಕುವುದು ನಮ್ಮಲ್ಲಿ ರೂಢಿ. ಅದು ಕೆಲವು ಕಡೆ ಔಷಧ, ಕೆಲವು ಕಡೆ ವಿಷ.

ಮೊದಲು ನಳ. ಬಿಳಿ ಪರೆ ಎಂದರೆ ಸುಣ್ಣದ ಅಂಶ. ನೀರು ಆರುತ್ತದೆ, ಸುಣ್ಣ ಉಳಿಯುತ್ತದೆ. ಹುಳಿ ಬಿದ್ದರೆ ಸುಣ್ಣ ನೊರೆಗಟ್ಟಿ ಕರಗುತ್ತದೆ. ಆದ್ದರಿಂದ ಇಲ್ಲಿ ಲಿಂಬಿ ಸರಿಯಾದ ಮದ್ದು. ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಹಣ್ಣಿನ ರಸ ಹಿಂಡಿ, ನಳದ ಬಾಯಿ ಅದರಲ್ಲಿ ಮುಳುಗುವಂತೆ ದಾರದಿಂದ ಕಟ್ಟಿರಿ. ಒಂದು ತಾಸು ಸಾಕು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆದುಬಿಡಿರಿ. ರಾತ್ರಿಯಿಡೀ ಬಿಟ್ಟರೆ ನಳದ ಹೊಳಪಿನ ಲೇಪ ಕಿತ್ತುಬರಬಹುದು. ನೀರು ಸಣ್ಣಗೆ ಬರುತ್ತಿದೆ ಎಂದು ಪ್ಲಂಬರನನ್ನು ಕರೆಯುವ ಮೊದಲು ನಳದ ಬಾಯಿಯಲ್ಲಿರುವ ಜಾಳಿಗೆಯನ್ನು ಕೈಯಿಂದ ತಿರುಗಿಸಿ ಬಿಚ್ಚಿ ನೋಡಿರಿ. ಹತ್ತಕ್ಕೆ ಎಂಟು ಸಲ ಉಸುಕು, ಸುಣ್ಣದ ಚೂರು ಅಲ್ಲೇ ಕೂತಿರುತ್ತವೆ.

ಆದರೆ ಲಿಂಬಿರಸ ಕೆಳಗೆ ಫರ್ಸಿಯ ಮೇಲೆ ಚೆಲ್ಲದ ಹಾಗೆ ನೋಡಿಕೊಳ್ಳಿರಿ. ನಮ್ಮ ಮನೆಗಳಿಗೆ ಹಾಸಿರುವ ಶಹಾಬಾದ ಫರ್ಸಿ ಸುಣ್ಣಗಲ್ಲು. ನಳದ ಪರೆಯೂ ಸುಣ್ಣ, ಕಾಲ ಕೆಳಗಿನ ಕಲ್ಲೂ ಸುಣ್ಣ. ಹುಳಿಗೆ ಇವೆರಡರ ಭೇದ ತಿಳಿಯದು. ಹಬ್ಬಕ್ಕೆ ಫರ್ಸಿ ಬೆಳ್ಳಗಾಗಲಿ ಎಂದು ಆಸಿಡ್ ಸುರಿದು ತೊಳೆಯುವವರಿದ್ದಾರೆ. ಆ ದಿನ ಬೆಳ್ಳಗಾಗುವುದು ನಿಜ, ಆಮೇಲೆ ಕಲ್ಲು ಒರಟಾಗಿ ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತದೆ. ಫರ್ಸಿಗೆ ಸೋಪಿನ ನೀರು, ಗಟ್ಟಿ ಕಸಬರಿಗೆ ಇಷ್ಟೇ ಸಾಕು. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಸಂಡಾಸು ತೊಳೆಯುವ ಆಸಿಡ್ಡಿನ ಜೊತೆ ಬ್ಲೀಚಿಂಗ್ ಪುಡಿಯನ್ನು ಎಂದೂ ಬೆರೆಸಬೇಡಿರಿ. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಸಣ್ಣ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುವವರ ಪುಪ್ಪುಸವನ್ನೇ ಅದು ಸುಡುತ್ತದೆ.

ಸೋರುವ ನಳದ ವಿಷಯ. ಎಷ್ಟು ನೀರು ಪೋಲಾಗುತ್ತಿದೆ ಎಂದು ತಿಳಿಯಬೇಕಾದರೆ ರಾತ್ರಿ ಮಲಗುವಾಗ ಅದರ ಕೆಳಗೆ ಒಂದು ಕೊಡ ಇಟ್ಟು ಬೆಳಿಗ್ಗೆ ನೋಡಿರಿ. ಆಮೇಲೆ ನಿಮಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ತಿರುಗಿಸಿ ತಿರುಗಿಸಿ ಬಂದ್ ಮಾಡುವ ಹಳೆಯ ಮಾದರಿಯ ನಳವಾದರೆ ಒಳಗಿನ ವೈಸರ್ ಸವೆದಿದೆ ಎಂದರ್ಥ. ಮೇಲಿನ ಗೇಟ್ ವಾಲ್ ಬಂದ್ ಮಾಡಿ, ನಳ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಿಟ್ಟು, ಪಾನಾದ ಹಲ್ಲು ತಾಗದಂತೆ ಅರಿವೆ ಸುತ್ತಿ ಮೇಲ್ಭಾಗ ಬಿಚ್ಚಿರಿ. ಹಳೆಯ ವೈಸರನ್ನು ಅಂಗಡಿಗೆ ತೆಗೆದುಕೊಂಡೇ ಹೋಗಿರಿ, ಅಳತೆ ಬಾಯಿಂದ ಹೇಳಿ ತಂದದ್ದು ಕೂಡುವುದಿಲ್ಲ. ಕಾಲು ಸುತ್ತಿಗೇ ತೆರೆಯುವ ಹೊಸ ನಳಗಳಲ್ಲಿ ವೈಸರ್ ಬದಲು ಪಿಂಗಾಣಿ ಬಿಲ್ಲೆಯ ಸ್ಪಿಂಡಲ್ ಇರುತ್ತದೆ, ಅದನ್ನು ಇಡಿಯಾಗಿ ಬದಲಿಸಬೇಕು. ಜೋಡಿಸುವಾಗ ಟೆಫ್ಲಾನ್ ಟೇಪನ್ನು ಮರೆ ಬಿಗಿಯಾಗುವ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುತ್ತಿದ್ದಂತೆ ಅದೇ ಬಿಚ್ಚಿಕೊಂಡು ಹೊರಬರುತ್ತದೆ.

ನೀರಿನ ಒತ್ತಡ, ನೀರಿನ ರಾಡಿ ಇವೆರಡರ ಗೊಡವೆ ನಮ್ಮ ಊರಿಗೆ ಹೊಸದಲ್ಲ. ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದಾಗ ಅಲ್ಲಿಂದ ಊರೊಳಗೆ ನೀರು ಬಂದದ್ದು ನೆಲದ ಕೆಳಗಿನ ಮಣ್ಣಿನ ಕೊಳವೆಗಳಲ್ಲಿ, ಸುತ್ತ ಗಚ್ಚಿನ ಕವಚ ಹಾಕಿ. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂಬ ಎತ್ತರದ ಗೋಪುರಗಳನ್ನು ಎಬ್ಬಿಸಿದರು. ಕೊಳವೆಯ ನೀರು ಗೋಪುರದೊಳಗೆ ಏರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ರಾಡಿ ತಳಕ್ಕೆ ಕೂತು ತಿಳಿ ನೀರು ಮುಂದೆ ಹರಿಯುತ್ತಿತ್ತು. ಕೆಲವು ಗಂಜ್‌ಗಳು ಇವತ್ತಿಗೂ ನಿಂತಿವೆ, ನಾವು ಅವುಗಳ ಪಕ್ಕದಲ್ಲೇ ಸ್ಕೂಟರ್ ಹಚ್ಚಿ ಕಾಯಿಪಲ್ಲೆ ಕೊಳ್ಳುತ್ತೇವೆ. ಮಾಳಿಗೆಯ ಮೇಲಿನ ಸಿಂಟೆಕ್ಸ್ ಟಾಕಿಯಲ್ಲೂ ಇದೇ ಉಪಾಯ ಬೇಕು. ಮನೆಗೆ ನೀರಿಳಿಯುವ ಪೈಪು ಟಾಕಿಯ ತಳಕ್ಕಿಂತ ಎರಡು ಬೆರಳು ಮೇಲಿರಲಿ, ತಳದಲ್ಲಿ ರಾಡಿ ತೊಳೆದು ಬಿಡಲು ಬೇರೆ ಕಿಂಡಿ ಇರಲಿ. ಇಷ್ಟು ಮಾಡಿದರೆ ನಳದ ಜಾಳಿಗೆಯೂ ಗೀಜರೂ ಹೆಚ್ಚು ದಿನ ಬಾಳುತ್ತವೆ.

ಕರೆಂಟಿನ ಕೆಲಸದಲ್ಲಿ ನನ್ನ ಸಲಹೆ ಕಡಿಮೆ, ಎಚ್ಚರಿಕೆ ಹೆಚ್ಚು. ಬಲ್ಬು ಬದಲಿಸುವುದು, ಸುಟ್ಟ ಫ್ಯೂಸಿಗೆ ಅದೇ ಅಳತೆಯ ತಂತಿ ಹಾಕುವುದು, ಇವನ್ನು ಮೇನ್ ಬಂದ್ ಮಾಡಿ ಯಾರಾದರೂ ಮಾಡಬಹುದು. ಮತ್ತೆ ಮತ್ತೆ ಫ್ಯೂಸ್ ಹೋಗುತ್ತಿದೆ ಎಂದು ದಪ್ಪ ತಂತಿ ಹಾಕಬೇಡಿರಿ. ಫ್ಯೂಸ್ ಹೋಗುವುದು ದೋಷವಲ್ಲ, ದೋಷ ಇನ್ನೆಲ್ಲೋ ಇದೆ ಎಂಬ ಸುದ್ದಿ ಅದು. ನೀರು ಕಾಸುವ ರಾಡ್ ಇಟ್ಟ ಬಕೆಟ್ಟಿನಲ್ಲಿ ಬೆರಳದ್ದಿ ನೀರು ಕಾದಿದೆಯೇ ನೋಡುವ ಚಟ ಇಂದೇ ಬಿಡಿರಿ. ಸ್ವಿಚ್ ಬಂದ್ ಮಾಡಿ, ಪ್ಲಗ್ ಕಿತ್ತು ಆಮೇಲೆ ಮುಟ್ಟಬೇಕು. ಮನೆಗೆ 30 ಮಿಲಿ ಆಂಪಿಯರಿಗೆ ಬೀಳುವ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಹಾಕಿಸಿರಿ. ಅದರ ಮೈಮೇಲೆ ಟೆಸ್ಟ್ ಎಂಬ ಗುಂಡಿಯಿರುತ್ತದೆ, ತಿಂಗಳಿಗೊಮ್ಮೆ ಒತ್ತಿ ಬೀಳುತ್ತದೆಯೇ ನೋಡಿರಿ. ಬೀಳದಿದ್ದರೆ ಅದು ಅಲಂಕಾರಕ್ಕಿದೆ.

ಗೋಡೆಯ ಬಿರುಕನ್ನು ಕುರಿತು ಎರಡು ಮಾತು. ನಮ್ಮದು ಎರಿ ಭೂಮಿ. ಮಳೆಗೆ ಉಬ್ಬುತ್ತದೆ, ಬ್ಯಾಸಿಗಿಗೆ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಮನೆಯೂ ಅದರ ಜೊತೆ ಅಲುಗುತ್ತದೆ. ಕೂದಲೆಳೆಯಷ್ಟು ಬಿರುಕಿಗೆ ಲಪ್ಪ ತುಂಬಿ ಬಣ್ಣ ಹೊಡೆದರೆ ತೀರಿತು. ಕಿಡಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕಾದರೆ ಅವಸರ ಮಾಡಬೇಡಿರಿ. ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ, ಒಂದು ಮಳೆಗಾಲ ಒಂದು ಬ್ಯಾಸಿಗಿ ನೋಡಿರಿ. ಗೆರೆ ದಾಟಿ ಬೆಳೆದಿದ್ದರೆ ಕರೆಯಬೇಕಾದ್ದು ಎಂಜಿನಿಯರನ್ನು, ಬಣ್ಣದವನನ್ನಲ್ಲ. ಪಾಯದ ಪಕ್ಕದಲ್ಲಿ ಪೈಪು ಸೋರುತ್ತಿದ್ದರೆ ಮಾತ್ರ ಒಂದು ದಿನವೂ ಕಾಯದೆ ಅದನ್ನು ನಿಲ್ಲಿಸಿರಿ.

ಇನ್ನು ಕಾರು. ಇಲ್ಲೂ ಸವಳು ನೀರೇ ಮೊದಲ ವೈರಿ. ಬ್ಯಾಟರಿಯಲ್ಲಿ ನೀರು ಕಡಿಮೆಯಾದರೆ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು ಹಾಕಿದರೆ ಅದರಲ್ಲಿಯ ಲವಣಗಳು ಒಳಗಿನ ಸೀಸದ ಪ್ಲೇಟುಗಳನ್ನು ಕೆಡಿಸುತ್ತವೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ನೀರು ಬೇಗ ಇಂಗುತ್ತದೆ. ಮುಚ್ಚಳ ತೆರೆಯುವ ಮಾದರಿಯ ಬ್ಯಾಟರಿಯಾದರೆ ಆಗ ತಿಂಗಳಿಗೊಮ್ಮೆ ನೋಡಿರಿ. ಪೂರ್ತಿ ಚಾರ್ಜಾದ ಬ್ಯಾಟರಿ ಗಾಡಿ ನಿಂತಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಟಕಟ ಎಂದಷ್ಟೇ ಸದ್ದು ಬಂದು ಗಾಡಿ ಚಾಲೂ ಆಗದಿದ್ದರೆ, ಹೊಸ ಬ್ಯಾಟರಿಗೆ ರೊಕ್ಕ ಎಣಿಸುವ ಮೊದಲು ಬಾನೆಟ್ಟು ಎತ್ತಿ ಟರ್ಮಿನಲ್ ನೋಡಿರಿ. ಬಿಳಿ, ಹಸಿರು ಪುಡಿ ಕಟ್ಟಿಕೊಂಡಿದ್ದರೆ ಕರೆಂಟು ಹರಿಯಲು ಹಾದಿ ಸಿಗುವುದಿಲ್ಲ, ಅಷ್ಟೇ.

ಈ ಪುಡಿಯನ್ನು ಕಂಡ ಕೂಡಲೇ ಲಿಂಬಿ ನೆನಪಾಗುತ್ತದೆ. ಬೇಡ. ಇಲ್ಲಿರುವುದು ಸುಣ್ಣದ ಪರೆಯಲ್ಲ, ಒಳಗಿನ ಆಸಿಡ್ಡಿನ ಕೆಲಸ. ಹುಳಿಗೆ ಹುಳಿ ಮದ್ದಲ್ಲ. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಕಲಸಿ ಬ್ರಶ್ಶಿನಿಂದ ತಿಕ್ಕಿರಿ. ಬುರುಬುರು ನೊರೆ ಬಂದು ನಿಂತರೆ ಆಸಿಡ್ ತಣಿದಂತೆ. ಒರೆಸಿ, ಒಣಗಿಸಿ, ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿರಿ. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕಡೆಗೆ ನೆಗೆಟಿವ್. ಈ ಕ್ರಮ ತಪ್ಪಿ ಪಾಸಿಟಿವ್ ಬಿಚ್ಚುತ್ತಿರುವಾಗ ಪಾನಾ ಗಾಡಿಯ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತಿರುತ್ತದೆ, ಹತ್ತಿರದಲ್ಲಿ ಬೀಡಿ ಸೇದುವವರನ್ನು ದೂರ ಕಳಿಸಿರಿ.

ರೇಡಿಯೇಟರಿಗೂ ಕೂಲಂಟ್ ಜೊತೆ ಡಿಸ್ಟಿಲ್ಡ್ ವಾಟರೇ ಬೇಕು. ಗೀಜರಿನಲ್ಲಿ ಕಟ್ಟುವ ಪರೆ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ, ಆಮೇಲೆ ಎಂಜಿನ್ ಕಾಯದೆ ಇನ್ನೇನಾದೀತು? ಸೋಲಾಪುರದಿಂದ ವಿಜಯಪುರದ ಮೇಲೆ ಹುಬ್ಬಳ್ಳಿಯತ್ತ ಹೋಗುವ 52ನೆಯ ಹೆದ್ದಾರಿಯಲ್ಲಿ ಮಟಮಟ ಮಧ್ಯಾಹ್ನ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿದರೆ ಏ.ಸಿ. ಬಂದ್ ಮಾಡಿ, ಕಿಡಕಿ ಇಳಿಸಿ, ಹೀಟರನ್ನು ಪೂರ್ತಿ ಹಚ್ಚಿರಿ. ಕೇಳಲು ವಿಚಿತ್ರ ಅನಿಸುತ್ತದೆ, ಆದರೆ ಎಂಜಿನ್ನಿನ ಕಾವನ್ನು ಹೀಟರ್ ಗಾಡಿಯೊಳಗೆ ಎಳೆದುಕೊಳ್ಳುತ್ತದೆ. ಹಾಗೇ ಪಕ್ಕಕ್ಕೆ ಸರಿಸಿ ನಿಲ್ಲಿಸಿರಿ. ಅರ್ಧ ತಾಸಾದರೂ ಆಗುವ ತನಕ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಚ್ಚಬೇಡಿರಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ, ತೆರೆದರೆ ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಸಲ್ಲ, ಲೋಹ ಬಿರಿಯುತ್ತದೆ.

ಟಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಪಡದ ಹಾದಿಗಳಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಕಂಪನಿ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ನೋಡಬೇಕು. ನಾಲ್ಕು ಕ್ಲಿಪ್ಪು ಬಿಚ್ಚಿದರೆ ಡಬ್ಬಿ ತೆರೆಯುತ್ತದೆ. ಕಾಗದದ ಫಿಲ್ಟರನ್ನು ಮೆಲ್ಲಗೆ ನೆಲಕ್ಕೆ ತಟ್ಟಿ ಧೂಳು ಉದುರಿಸಬಹುದು, ನೀರಿನಲ್ಲಿ ಮಾತ್ರ ತೊಳೆಯುವಂತಿಲ್ಲ. ವೈಪರಿನ ವಿಷಯವೂ ಇಷ್ಟೇ ಸಣ್ಣದು. ಒಣ ಧೂಳಿನ ಗಾಜಿನ ಮೇಲೆ ಅದನ್ನು ಆಡಿಸಿದರೆ ಗಾಜಿಗೆ ಗೀರು ಬೀಳುತ್ತದೆ, ಮೊದಲು ನೀರು ಹಾಯಿಸಿರಿ.

ಹವಾ ನೋಡುವುದು ಬೆಳಿಗ್ಗೆ, ಗಾಲಿ ತಣ್ಣಗಿದ್ದಾಗ. ಎಷ್ಟು ಇರಬೇಕೆಂಬುದು ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಬರೆದಿದೆ. ಹವಾ ಹಾಕುವ ಹುಡುಗನನ್ನು ಕೇಳುವ ಅಗತ್ಯವಿಲ್ಲ. ಸ್ಟೆಪ್ನಿಗೂ ಹಾಕಿಸಿರಿ. ಬಹಳ ಮಂದಿಯ ಸ್ಟೆಪ್ನಿ ಬೇಕಾದ ದಿನವೇ ಚಪ್ಪಟೆಯಾಗಿರುತ್ತದೆ. ಟಾಯರಿನ ವಯಸ್ಸು ಅದರ ಮೈಮೇಲೆಯೇ ಇದೆ: ಡಿ.ಓ.ಟಿ. ಅಕ್ಷರಗಳ ಸಾಲಿನ ಕಡೆಯಲ್ಲಿ ನಾಲ್ಕು ಅಂಕಿ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಹಳೆಯ ಗಾಡಿ ಕೊಳ್ಳುವಾಗ ಇದನ್ನು ಓದಿರಿ, ಮಾರುವವನ ಮುಖ ನೋಡಬೇಡಿರಿ. ಗೀರುಗಳ ನಡುವೆ 1.6 ಮಿಲಿಮೀಟರ್ ಎತ್ತರದ ಸಣ್ಣ ಗುಬುಟುಗಳಿವೆ, ಟಾಯರು ಅವುಗಳ ಮಟ್ಟಕ್ಕೆ ಸವೆದರೆ ಅದರ ಆಯುಷ್ಯ ಮುಗಿಯಿತು.

ಗಾಲಿ ಬದಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದು, ಎದುರು ಮೂಲೆಯ ಗಾಲಿಗೆ ಕಲ್ಲು ಕೊಟ್ಟು, ಜಾಕ್ ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿರಿ. ಗಾಲಿ ಗಾಳಿಯಲ್ಲಿ ಎದ್ದ ಮೇಲೆ ಸಡಿಲಿಸಲು ಹೋದರೆ ಗಾಲಿಯೇ ತಿರುಗುತ್ತದೆ, ಗಾಡಿ ಜಾಕಿನಿಂದ ಜಾರುತ್ತದೆ. ಬಿಗಿಯುವಾಗ ಒಂದರ ಪಕ್ಕದ ಒಂದಲ್ಲ, ಎದುರುಬದುರು ಬಿಗಿಯುತ್ತ ಹೋಗಬೇಕು. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂಥ ಕಾರಣಕ್ಕೂ ತೂರಬೇಡಿರಿ. ಲೈಟು, ಹಾರ್ನು ಸುಮ್ಮನಾದರೆ ಫ್ಯೂಸಿನ ಡಬ್ಬಿ ನೋಡಿರಿ. ಕೆಂಪು 10 ಆಂಪಿಯರಿನದು, ನೀಲಿ 15, ಹಳದಿ 20, ಹಸಿರು 30. ಯಾವ ಬಣ್ಣ ಹೋಗಿದೆಯೋ ಅದೇ ಬಣ್ಣದ್ದು ಹಾಕಬೇಕು. ಬ್ರೇಕು, ಸ್ಟೇರಿಂಗು, ಏರ್‌ಬ್ಯಾಗು, ಪೆಟ್ರೋಲ್ ಪೈಪು, ಈ ನಾಲ್ಕಕ್ಕೆ ಮನೆಯಲ್ಲಿ ಪಾನಾ ಹಚ್ಚಬೇಡಿರಿ. ಮಿಸ್ತ್ರಿಯ ಕೂಲಿ ಉಳಿಸಲು ಹೊರಡುವ ಜಾಗ ಅದಲ್ಲ.

ಬ್ಯಾಟರಿಗೆ ತಂದ ಡಿಸ್ಟಿಲ್ಡ್ ವಾಟರಿನ ಬಾಟಲಿಯಲ್ಲಿ ಸ್ವಲ್ಪ ಉಳಿದಿರುತ್ತದೆ. ಅದನ್ನು ಎತ್ತಿಡಿರಿ, ನಾಣ್ಯಕ್ಕೆ ಬೇಕು. ಬಾಟಲಿಯ ಮೇಲಿನ ಚೀಟಿ ಮಾತ್ರ ಓದಿಕೊಳ್ಳಿರಿ. ಬ್ಯಾಟರಿ ಅಂಗಡಿಯಲ್ಲಿ ಆಸಿಡ್ಡೂ ಅಂಥದೇ ಬಾಟಲಿಯಲ್ಲಿ ಬರುತ್ತದೆ.

ದೀಪಾವಳಿಯ ಲಕ್ಷ್ಮೀಪೂಜೆಗೆ ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿಗಳು ಹೊರಗೆ ಬರುತ್ತವೆ. ತಾಮ್ರದ್ದಕ್ಕೆ ಹುಣಸೆಹಣ್ಣೋ ಲಿಂಬಿಯೋ, ಬೆಳ್ಳಿಯದಕ್ಕೆ ವಿಭೂತಿ. ಗಸಗಸ ತಿಕ್ಕಿ ಫಳಫಳ ಮಾಡಿ ತಟ್ಟೆಯಲ್ಲಿ ಇಡುತ್ತಾರೆ. ಅಕ್ಕನವರೆ, ತಾಯಂದಿರೆ, ನಿಮ್ಮ ಭಕ್ತಿಗೆ ನನ್ನ ನಮಸ್ಕಾರ. ಆದರೆ ಹಾಗೆ ತಿಕ್ಕಿದ ನಾಣ್ಯವನ್ನು ಸಂಗ್ರಹಕಾರರು ದೂರದಿಂದಲೇ ಗುರುತಿಸಿ ಬೆಲೆಯನ್ನು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಸುತ್ತಾರೆ. ತಾಮ್ರದ ಮೇಲೆ ಕಾಲ ಕಟ್ಟಿದ ಕಂದು ಬಣ್ಣ, ಬೆಳ್ಳಿಯ ಮೇಲಿನ ಬೂದುಗಪ್ಪು ಕೊಳೆಯಲ್ಲ, ಲೋಹದ್ದೇ ಹೊರಪದರ. ಒಳಗಿನದನ್ನು ಕಾಯುವುದೂ ಅದೇ. ಹುಳಿ ಅದನ್ನು ಕರಗಿಸುತ್ತದೆ. ವಿಭೂತಿಯ ಪುಡಿ ನಾಣ್ಯದ ಮೇಲಿನ ರಾಣಿಯ ತುರುಬಿನ ಎಳೆಗಳನ್ನೂ ಅಂಚಿನ ಅಕ್ಷರಗಳನ್ನೂ ಸವೆಸುತ್ತದೆ. ಪೂಜೆಗೆ ಇಡಿರಿ, ಕುಂಕುಮವನ್ನು ತಟ್ಟೆಗೆ ಹಚ್ಚಿರಿ, ನಾಣ್ಯಕ್ಕೆ ಬೇಡ.

ಮಣ್ಣು ಮೆತ್ತಿದ್ದರೆ ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ನಾಣ್ಯವನ್ನು ಒಂದೆರಡು ದಿನ ನೆನೆಸಿರಿ, ನೀರು ರಾಡಿಯಾದರೆ ಬದಲಿಸಿರಿ. ಆಮೇಲೆ ಮೆತ್ತನೆಯ ಅರಿವೆಯ ಮೇಲಿಟ್ಟು ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಬೋರಿನ ನೀರು ಇಲ್ಲಿಯೂ ಕೆಡುಕೇ. ಅದರಲ್ಲಿಯ ಉಪ್ಪು ತಾಮ್ರ, ಕಂಚಿನ ಮೈಯಲ್ಲಿ ಇಳಿದರೆ ತಿಳಿಹಸಿರು ಪುಡಿ ಏಳುತ್ತದೆ, ತೇವ ಇರುವ ತನಕ ಅದು ಲೋಹವನ್ನು ತಿನ್ನುತ್ತಲೇ ಹೋಗುತ್ತದೆ. ಅಂಥ ನಾಣ್ಯವನ್ನು ಬೇರೆ ಇಡಿರಿ. ಹಿಡಿಯುವಾಗ ಅಂಚು ಹಿಡಿಯಿರಿ, ಮುಖಕ್ಕೆ ಬೆರಳು ಬೇಡ. ಮೆತ್ತನೆಯ ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಂಗಳು ವರ್ಷ ಕಳೆದಂತೆ ಅಂಟಂಟಾಗಿ ನಾಣ್ಯಕ್ಕೆ ಹಸಿರು ಹಿಡಿಸುತ್ತವೆ. ಅದಕ್ಕಿಂತ ಕಾಗದದ ಸಣ್ಣ ಪಾಕೀಟು ಮೇಲು. ಯಾರಿಂದ ಬಂತು, ಯಾವ ಊರಿನದು ಎಂದು ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿರಿ.

ಈಗ ಗಂಟು ಬಿಚ್ಚಿ ಬೇರ್ಪಡಿಸೋಣ. ಬ್ರಿಟಿಷರ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಎಂದರೆ ಸರಿಯಾಗಿ ಒಂದು ತೊಲೆ. ತೊಲೆಯ ಅಳತೆಯೇ ಆ ರೂಪಾಯಿಯದು. ಎಂಟಾಣೆ 5.83, ಪಾವಲಿ 2.92. ರಾಣಿ ಛಾಪಿನ ಕಾಲದಿಂದ 1939ರ ತನಕ 12 ಭಾಗದಲ್ಲಿ 11 ಭಾಗ ಬೆಳ್ಳಿ. ಯುದ್ಧದ ಬಿಕ್ಕಟ್ಟಿನಲ್ಲಿ 1940ರಿಂದ ಅರ್ಧಕ್ಕರ್ಧ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತ ಹಿಡಿದರೆ ಚಕ್ಕನೆ ಅಂಟುತ್ತದೆ. ತಕ್ಕಡಿಯಲ್ಲಿ 1918ರದೂ 1943ರದೂ ಒಂದೇ ತೂಗುತ್ತವೆ, ಬೆಳ್ಳಿ ಮಾತ್ರ ಹೆಚ್ಚುಕಡಿಮೆ ಇಮ್ಮಡಿ ವ್ಯತ್ಯಾಸ. ಆದ್ದರಿಂದ ಸರಾಫರ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಇಸವಿ ಓದಿ ಎರಡು ಗುಂಪು ಮಾಡಿರಿ. ಇಷ್ಟು ಗೊತ್ತಿದ್ದವರ ಜೊತೆ ಸರಾಫರು ಮಾತಾಡುವ ಧಾಟಿಯೇ ಬೇರೆ.

ಬೆಳ್ಳಿಯ ಬೆಲೆಗಿಂತ ಮೇಲೆ ಹೋಗುವ ಇಸವಿಗಳು ಕೆಲವೇ. 1939ರ ರೂಪಾಯಿ ಬಲು ಅಪರೂಪ, ಅದಕ್ಕೇ 1938ರ ಕಡೆಯ ಅಂಕಿ ತಿದ್ದಿ ಮಾರುವವರೂ ಇದ್ದಾರೆ, ಭೂತಗನ್ನಡಿ ಹಿಡಿಯಿರಿ. ಐದನೆಯ ಜಾರ್ಜನ 1911ರ ರೂಪಾಯಿಯ ಕತೆ ತಮಾಷೆಯದು. ರಾಜನ ಕೊರಳ ಪಟ್ಟಿಯಲ್ಲಿ ಕೆತ್ತಿದ ಆನೆ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡಿತು. ಮುಸ್ಲಿಮರಲ್ಲಿ ಅಸಮಾಧಾನವೆದ್ದು ಸರ್ಕಾರ ಬಹುಪಾಲನ್ನು ಹಿಂದಕ್ಕೆ ಪಡೆಯಿತು, 1912ರಿಂದ ಆನೆಗೆ ನೆಟ್ಟಗಿನ ಸೊಂಡಿಲು ಬಂತು. ನಿಮ್ಮ ಗಂಟಿನಲ್ಲಿ 1911 ಇದ್ದರೆ ಮೊಮ್ಮಕ್ಕಳಿಗೆ ತೋರಿಸಿ ನಗಿರಿ, ಆಮೇಲೆ ಜೋಪಾನ ಮಾಡಿರಿ. ಕುಣಿಕೆ ಬೆಸೆದು ಸರಕ್ಕೆ ಪೋಣಿಸಿದ ರೂಪಾಯಿಗೆ ಸಂಗ್ರಹದ ಬೆಲೆ ಇಲ್ಲ, ಬೆಳ್ಳಿಯ ಬೆಲೆ ಇದೆ. ಆದರೂ ಅಜ್ಜಿ ಕೊರಳಲ್ಲಿ ಹಾಕಿಕೊಂಡಿದ್ದ ಸರ ಮುರಿಸಬೇಡಿರಿ ಎಂದೇ ನಾನು ಹೇಳುವವನು. ಪುತಳಿ ಸರದ ಬಿಲ್ಲೆಗಳ ಮೂಲ ವೆನಿಸ್ ನಗರದ ಬಂಗಾರದ ಡುಕಾಟ್, ಅದು ಕಡಲು ದಾಟಿ ನಮ್ಮ ಅಕ್ಕಸಾಲಿಗರ ಕೈಯಲ್ಲಿ ಒಡವೆಯಾಯಿತು.

ತೂತಿನ ದುಡ್ಡು 1943ರಿಂದ 1947ರ ತನಕ ಬಂತು, ಯುದ್ಧಕಾಲದಲ್ಲಿ ಲೋಹ ಉಳಿಸಲು. ಅದನ್ನೇ ಬೋಲ್ಟಿಗೆ ವೈಸರ್ ಮಾಡಿ ಹಾಕಿದವರಿದ್ದರು ಎಂದು ಹಿರಿಯರು ಹೇಳುತ್ತಾರೆ. ಅಷ್ಟು ಹೇರಳವಾಗಿ ಬಂದದ್ದರಿಂದ ಇಂದಿಗೂ ಅದಕ್ಕೆ ದೊಡ್ಡ ಬೆಲೆ ಇಲ್ಲ. 1957ರ ಏಪ್ರಿಲ್ 1ರಿಂದ ಬಂದ ನಯಾ ಪೈಸೆಗೂ ಹಾಗೆಯೇ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. 50 ಪೈಸೆ ಮಾತ್ರ ಇನ್ನೂ ಚಲಾವಣೆಯ ನಾಣ್ಯವೇ. ಹತ್ತು ರೂಪಾಯಿ ನಾಣ್ಯ ಬೇಡ ಎನ್ನುವ ಅಂಗಡಿಯವರಿಗೆ ಹೇಳಿರಿ: 14 ಬಗೆಯ ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿದೆ. ಮಕ್ಕಳಿಗೆ ರೊಕ್ಕ ಖರ್ಚಿಲ್ಲದ ಸಂಗ್ರಹ ಬೇಕಾದರೆ ದಿನದ ಚಿಲ್ಲರೆಯೇ ಸಾಕು. ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬಯಿ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ಇಸವಿಯ ನಾಲ್ಕೂ ಕೂಡಿಸಲು ಹೇಳಿರಿ, ಬ್ಯಾಸಿಗಿ ಸೂಟಿ ಕಳೆಯುತ್ತದೆ.

ನಮ್ಮ ನೆಲದ್ದೇ ಆದ ನಾಣ್ಯಗಳೆಂದರೆ ಆದಿಲ್‌ಶಾಹಿಯವು. ಹೆಚ್ಚಿನವು ತಾಮ್ರದ ಸಣ್ಣ ದಪ್ಪ ಬಿಲ್ಲೆಗಳು, ಫುಲೂಸ್ ಎನ್ನುತ್ತಾರೆ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದರಿಂದ ಬರಹ ಪೂರ್ತಿ ಕೂತಿರುವುದಿಲ್ಲ. ಎರಡನೆಯ ಇಬ್ರಾಹಿಮನ ಬಿಲ್ಲೆಗಳಲ್ಲಿ ಪಾರ್ಸಿ ಲಿಪಿಯಲ್ಲಿ ‘ಇಬ್ರಾಹಿಂ ಅಬಲಾ ಬಲಿ’ ಎಂದಿದೆ. ಎರಡನೆಯ ಅಲಿ ಆದಿಲ್‌ಶಾಹನ ಕಾಲದ ಲಾರಿ ಎಂಬುದಂತೂ ನಾಣ್ಯದ ರೂಪವೇ ಅಲ್ಲ. ಬೆಳ್ಳಿ ತಂತಿಯನ್ನು ನಡುವೆ ಮಡಿಸಿ, ಎರಡೂ ಎಳೆಯ ಮೇಲೆ ಅಚ್ಚು ಒತ್ತಿದ್ದು, ಹೆಂಗಸರ ಕೂದಲ ಪಿನ್ನಿನ ಹಾಗೆ. ಪರ್ಶಿಯಾದ ಲಾರ್ ಊರಿನಲ್ಲಿ ಹುಟ್ಟಿ ಅರಬ್ಬೀ ಕಡಲಿನ ವ್ಯಾಪಾರಕ್ಕೆ ಒಗ್ಗಿದ್ದ ಈ ತಂತಿಯನ್ನು ಬಿಜಾಪುರದವರೂ ಅಚ್ಚು ಹಾಕಿದರು. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ ಮೇಲೆ ಇಲ್ಲಿಯ ಟಂಕಸಾಲೆಯ ಮೊಗಲ್ ನಾಣ್ಯಗಳಲ್ಲಿ ‘ದಾರುಜ್ಜಫರ್ ಬಿಜಾಪುರ’ ಎಂದು ಕಾಣುತ್ತದೆ.

ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಇಂಥವು ಗಡಿಗೆಯಲ್ಲಿ ಸಿಕ್ಕರೆ ಹಂಚಿಕೊಳ್ಳುವಂತಿಲ್ಲ, ಮುಚ್ಚಿಡುವಂತಿಲ್ಲ. ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ರಾಜ್ಯದ 1962ರ ನಿಧಿ ಕಾಯ್ದೆ ಹೇಳುತ್ತದೆ. ತಹಸೀಲ್ದಾರರ ಕಚೇರಿಗೆ ಸುದ್ದಿ ಮುಟ್ಟಿಸಿರಿ, ಸಿಕ್ಕ ಜಾಗವನ್ನು ಹಾಗೇ ಬಿಡಿರಿ. ನೂರು ವರ್ಷ ಮೀರಿದ ನಾಣ್ಯವನ್ನು ಪರದೇಶದಲ್ಲಿರುವ ಮಗನಿಗೆಂದು ಪಾರ್ಸೆಲ್ ಮಾಡುವುದೂ 1972ರ ಪುರಾತನ ವಸ್ತುಗಳ ಕಾಯ್ದೆಗೆ ವಿರುದ್ಧ.

ಕಡೆಯದಾಗಿ ಮೋಸಗಾರರ ವಿಷಯ. ರಾಮ, ಸೀತೆ, ಹನುಮಂತ ಇರುವ, 1818 ಎಂದು ಬರೆದ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯವೆಂದು ಜಾತ್ರೆಗಳಲ್ಲಿ ಮಾರುವುದು ಈಚೆಗೆ ಎರಕ ಹೊಯ್ದ ಬಿಲ್ಲೆ. ಕಂಪನಿ ಅಂಥ ನಾಣ್ಯ ಹಾಕಿಸಲೇ ಇಲ್ಲ. ಅಕ್ಕಿ ಕಾಳನ್ನು ಎಳೆಯುವ ತಾಮ್ರದ ನಾಣ್ಯ, ರೈಸ್ ಪುಲ್ಲರ್, ಕೋಟಿ ಬೆಲೆ ಎಂದವರು ಮೊದಲು ಎಳೆಯುವುದು ನಿಮ್ಮ ಹೊಲದ ಉತಾರವನ್ನು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ, ವೈಷ್ಣೋದೇವಿಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದು ಮೊಬೈಲಿಗೆ ಬರುವ ಜಾಹೀರಾತೂ ಸುಳ್ಳು. ತನ್ನ ಹೆಸರಿನಲ್ಲಿ ಹಳೆಯ ನೋಟು, ನಾಣ್ಯಕ್ಕೆ ಕಮಿಷನ್ ಕೇಳುವವರನ್ನು ನಂಬಬೇಡಿರಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಕೊಳ್ಳುವವನು ರೊಕ್ಕ ಕೊಡಬೇಕು, ಕೇಳಬಾರದು. ನೋಂದಣಿ ಶುಲ್ಕ, ತೆರಿಗೆ, ಮುಂಗಡ ಎಂದ ಕೂಡಲೇ ಫೋನು ಇಡಿರಿ. ಈಗಾಗಲೇ ಕಳಿಸಿಬಿಟ್ಟಿದ್ದರೆ ನಾಚಿಕೆಪಡದೆ, ಆ ದಿನವೇ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಬರೆಸಿರಿ. ಬೇಗ ತಿಳಿಸಿದಷ್ಟು ಆ ಖಾತೆಯಲ್ಲಿ ರೊಕ್ಕ ತಡೆಹಿಡಿಯುವ ಸಂಭವ ಹೆಚ್ಚು.